ದಾರಿಯಲ್ಲಿ ಸಿಕ್ಕ ಮಗು ಯಾರ ಹೊಣೆ?

ಹಝ್ರತ್ ಯೂಸುಫ್(ಅ)ರ ವೃತ್ತಾಂತವನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಅಸೂಯೆಗೊಂಡ ಅಣ್ಣಂದಿರು ಆ ಬಾಲಕನನ್ನು ಬಾವಿಗೆ ಹಾಕಿದರು. ದಾರಿಹೋಕರ ತಂಡವೊಂದು ಅಲ್ಲಿಗೆ ಬಂತು. ನೀರಿಗೆಂದು ಕೊಡ ಇಳಿಸಿದವನಿಗೆ ಬಾಲಕ ಸಿಕ್ಕಿದ. ಅವರಿಗೆ ಸಂತೋಷವಾಯಿತು. ಆದರೆ ಮಗುವಿನ ಜೀವ ಉಳಿಯಿತೆಂದಲ್ಲ, ಮಾರಲು ಒಂದು ಸರಕು ಸಿಕ್ಕಿತೆಂದು! ಅವರು ಅವನನ್ನು ಬಚ್ಚಿಟ್ಟರು. ಎಣಿಸಿದ ಕೆಲವೇ ದಿರ್‌ಹಮ್‌ಗಳಿಗೆ ಅವನು ಮಾರಾಟವಾದ. ಕೊಂಡ ಈಜಿಪ್ಟಿನ ಮನುಷ್ಯನಾದರೋ ಈ ಹುಡುಗನನ್ನು ಗೌರವದಿಂದ ಇರಿಸಿಕೊಳ್ಳುವಂತೆ ತನ್ನ ಪತ್ನಿಗೆ ಹೇಳಿದನೆಂದು ಪವಿತ್ರ ಕುರ್‌ಆನಿನ 12ನೇ ಅಧ್ಯಾಯ ತಿಳಿಸುತ್ತದೆ. ಬಾಲಕ ಒಬ್ಬನೇ. ಎತ್ತಿಕೊಂಡ ಕೈಗಳು ಬೇರೆ ಬೇರೆ.

ಬೆಂಗಳೂರಿನ ಓಕಳಿಪುರಂನಲ್ಲಿ ಓಡಾಡುವವರು ತಲೆಯ ಮೇಲೆ ರೈಲು, ಕೆಳಗೆ ವಾಹನಗಳ ಸಂದಣಿ ಇರುವ ಅಲ್ಲಿನ ಸೇತುವೆಗಳನ್ನು ಬಲ್ಲರು. ಕೂಗಳತೆಯ ದೂರದಲ್ಲಿ ರೈಲು ನಿಲ್ದಾಣ, ಅದರಾಚೆ ಮೆಜೆಸ್ಟಿಕ್ ಬಸ್ ನಿಲ್ದಾಣ. ಮನೆಯಲ್ಲಿ ಪೆಟ್ಟು ತಿಂದ ಮಗು, ಪರೀಕ್ಷೆಯಲ್ಲಿ ನಪಾಸಾಗಿ ಹೆದರಿದ ಮಗು, ತಾಯಿ ತೀರಿಹೋಗಿ ಯಾರಿಗೂ ಬೇಡವಾದ ಮಗು, ಕೆಲಸ ಹುಡುಕಿಕೊಂಡು ಹೊರಟ ಮಗು ಬಂದಿಳಿಯುವುದು ಇಲ್ಲಿಯೇ. ನಮ್ಮ ಕಾಲದ ಬಾವಿಕಟ್ಟೆ ಇದು. ಇಳಿದ ಮೊದಲ ಕೆಲವು ಗಂಟೆಗಳಲ್ಲಿ ಕೈ ಹಿಡಿದವರು ಯಾರು ಎಂಬುದೇ ಎಷ್ಟೋ ಮಕ್ಕಳ ಮುಂದಿನ ಬದುಕನ್ನು ತೀರ್ಮಾನಿಸಿಬಿಡುತ್ತದೆ. ಹುಡುಗರನ್ನು ಕೆಲಸಕ್ಕೆ ಒದಗಿಸುವ ದಲ್ಲಾಳಿಯೇ? ಭಿಕ್ಷೆ ಬೇಡಿಸುವವನೇ? ಅಥವಾ ಹೆಗಲಿಗೆ ಚೀಲ ಕೊಟ್ಟು ಚಿಂದಿ ಆಯಲು ಕಲಿಸುವ, ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಹುಡುಗನೇ? ಹಸಿವು ಮರೆಯಲು ಪಂಕ್ಚರ್ ಅಂಟಿಸುವ ಸೊಲ್ಯೂಷನ್ ಮೂಸುವುದನ್ನೂ ಅವನೇ ಕಲಿಸುತ್ತಾನೆ.

1980ರಲ್ಲಿ ಸಲೇಶಿಯನ್ ಕ್ರೈಸ್ತ ಸಭೆಯ ಕೆಲವು ವಿದ್ಯಾರ್ಥಿಗಳು ಬೆಂಗಳೂರಿನ ಬೀದಿಗಿಳಿದು ಇಂತಹ ಮಕ್ಕಳ ಗೆಳೆತನ ಮಾಡತೊಡಗಿದರು. ಅದೇ ಮುಂದೆ 'ಬಾಸ್ಕೋ', ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟವಾಯಿತು. ಮಕ್ಕಳು ತಮ್ಮಲ್ಲಿಗೆ ಬರಲೆಂದು ಕಾಯದೆ ಇವರೇ ಮಕ್ಕಳಿದ್ದಲ್ಲಿಗೆ ಹೋದರು. ಮೊದಲು ಮಾತು, ಆಟ, ನಂಬಿಕೆ. ಆಮೇಲೆ ರಾತ್ರಿ ಮಲಗಲು ಸೂರು. ಆಮೇಲೆ ಮನೆಯವರ ಹುಡುಕಾಟ, ಇಲ್ಲವೇ ಶಾಲೆ, ಇಲ್ಲವೇ ಒಂದು ಕಸುಬು. ಬೀದಿಯ ಮಗುವನ್ನು ಹಿಡಿದು ತಂದು ಕೂಡಿಹಾಕಿದರೆ ಮರುದಿನ ಅದು ಗೋಡೆ ಹಾರುತ್ತದೆ ಎಂಬುದು ಈ ಕೆಲಸ ಮಾಡಿದವರೆಲ್ಲರ ಅನುಭವ. ಒಳ್ಳೆಯದನ್ನು ಯಾರಿಂದ ಕಲಿತರೂ ಅದು ನಮಗೆ ಕೊರತೆಯಲ್ಲ.

ಹಾಗೆಂದು ನಮ್ಮಲ್ಲಿ ಮಾದರಿ ಇರಲಿಲ್ಲವೇ? ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಒಂದು ಘಟನೆಯಿದೆ. ಹಝ್ರತ್ ಉಮರ್(ರ)ರ ಕಾಲದಲ್ಲಿ ಬನೂ ಸುಲೈಮ್ ಗೋತ್ರದ ಅಬೂ ಜಮೀಲಾ ಎಂಬವರಿಗೆ ಪರಿತ್ಯಕ್ತ ಮಗುವೊಂದು ಸಿಕ್ಕಿತು. ಅವರು ಅದನ್ನು ಖಲೀಫರ ಬಳಿಗೆ ತಂದರು. ಉಮರ್(ರ) ಮೊದಲು ಹೊಗಳಲಿಲ್ಲ, ಪ್ರಶ್ನಿಸಿದರು: ಇದನ್ನು ಎತ್ತಿಕೊಂಡದ್ದೇಕೆ? ನಾಶವಾಗುವ ಸ್ಥಿತಿಯಲ್ಲಿತ್ತು, ಆದುದರಿಂದ ಎತ್ತಿಕೊಂಡೆ ಎಂಬ ಉತ್ತರ ಬಂತು. ಆ ಜನರ ಮುಖಂಡನು ಇವರು ಸಜ್ಜನರೆಂದು ಸಾಕ್ಷಿ ನುಡಿದ. ಆ ಬಳಿಕವೇ ಉಮರ್(ರ) ತೀರ್ಪಿತ್ತರು. ಮಗು ಸ್ವತಂತ್ರ, ಯಾರ ಗುಲಾಮನೂ ಅಲ್ಲ; ಸಾಕುವ ಹೊಣೆ ಅಬೂ ಜಮೀಲಾರದು; ಖರ್ಚು ಬೈತುಲ್‌ಮಾಲ್‌ನದು. ಇಂತಹ ಮಗುವನ್ನು ಎತ್ತಿಕೊಳ್ಳುವುದು ಸಮುದಾಯದ ಮೇಲೆ ಕಡ್ಡಾಯವೆಂದೂ, ಯಾರೂ ಎತ್ತಿಕೊಳ್ಳದಿದ್ದರೆ ಎಲ್ಲರೂ ಪಾಪಿಗಳೆಂದೂ ಕರ್ಮಶಾಸ್ತ್ರ ವಿದ್ವಾಂಸರು ಹೇಳಿದ್ದಾರೆ. ಎತ್ತಿಕೊಂಡವನು ಸಾಕ್ಷಿಗಳನ್ನು ಇರಿಸಿಕೊಳ್ಳಬೇಕೆಂದೂ ಹೇಳಿದ್ದಾರೆ. ಮಗುವಿನ ಸ್ವಾತಂತ್ರ್ಯವೂ ವಂಶವೂ ಕಳೆದುಹೋಗಬಾರದಲ್ಲ.

ಆದುದರಿಂದ ಇಂದಿನ ಕಾನೂನು ನಮಗೆ ಪರಕೀಯವಾಗಿ ಕಾಣಬೇಕಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದಿಕ್ಕಿಲ್ಲದೆ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 1996ರಲ್ಲಿ ಮುಂಬೈಯಲ್ಲಿ ಆರಂಭವಾದ 1098 ಸಹಾಯವಾಣಿಯನ್ನು 2023ರಿಂದ ಸರಕಾರವೇ ವಹಿಸಿಕೊಂಡಿದೆ. ಕರೆಗೆ ಹಣವಿಲ್ಲ. ಆದರೆ ಕರುಣೆಯಿಂದಲೇ ಆಗಲಿ, ಯಾರಿಗೂ ತಿಳಿಸದೆ ಮಗುವನ್ನು ಮನೆಗೆ ಕರೆದೊಯ್ದು ಇರಿಸಿಕೊಳ್ಳುವುದು ಶಿಕ್ಷಾರ್ಹ. ನಮ್ಮ ಕೆಲವು ಮನೆಗಳಲ್ಲಿ ಹೀಗೆ ಆಶ್ರಯ ಪಡೆದ ಹುಡುಗಿ ಬೆಳಿಗ್ಗೆ ಪಾತ್ರೆ ತೊಳೆಯುತ್ತಾಳೆ, ಮನೆಯ ಮಕ್ಕಳು ಶಾಲೆಗೆ ಹೋಗುತ್ತಾರೆ. ಅದನ್ನು ನಾವು ಪುಣ್ಯವೆಂದು ಎಣಿಸುತ್ತೇವೆ! ಇದು ಗೌರವದಿಂದ ಇರಿಸಿಕೊಳ್ಳುವುದೋ, ಸರಕಾಗಿ ಬಚ್ಚಿಡುವುದೋ?

ಗುಜರಿ ವ್ಯಾಪಾರದಲ್ಲಿ ನಮ್ಮವರೂ ಇದ್ದಾರೆ. ಮಗು ಹೊತ್ತು ತಂದ ಚೀಲವನ್ನು ಅರ್ಧ ಬೆಲೆಗೆ ತೂಗಿದವನಿಗೆ ಯೂಸುಫ್(ಅ)ರನ್ನು ಮಾರಿದವರ ನೆನಪಾಗಬೇಕು. ರಮಝಾನಿನಲ್ಲಿ ಇಫ್ತಾರ್ ಕಿಟ್, ಈದ್‌ಗೆ ಹೊಸ ಬಟ್ಟೆ ಹಂಚುತ್ತೇವೆ; ಒಳ್ಳೆಯದೇ. ಆದರೆ ಈದ್‌ನ ಮರುದಿನ ಆ ಹುಡುಗ ಅದೇ ಬಟ್ಟೆಯಲ್ಲಿ ಅದೇ ಸೇತುವೆಯ ಕೆಳಗೆ ಮಲಗಿದ್ದರೆ?

ಅನಾಥರ ಬಗ್ಗೆ ಕೇಳಿದಾಗ ಅಲ್ಲಾಹನು ಕಲಿಸಿದ ಉತ್ತರ 2ನೇ ಅಧ್ಯಾಯದ 220ನೇ ಸೂಕ್ತದಲ್ಲಿದೆ. ಅವರ ಬದುಕನ್ನು ಸುಧಾರಿಸುವುದೇ ಉತ್ತಮ, ಜೊತೆಗೆ ಇರಿಸಿಕೊಂಡರೆ ಅವರು ನಿಮ್ಮ ಸಹೋದರರು ಎಂಬುದು ಅದರ ಆಶಯ. ಮಗುವಿಗೆ ತನ್ನ ತಂದೆಯ ಹೆಸರೇ ಇರಬೇಕು, ತಂದೆ ಯಾರೆಂದು ತಿಳಿಯದಿದ್ದರೆ ಆತ ನಮ್ಮ ಧರ್ಮಸಹೋದರ ಎಂದು 33ನೇ ಅಧ್ಯಾಯ ಹೇಳುತ್ತದೆ. ಹೆಸರು ಅಳಿಸದೆ ಸಾಕುವ ಈ ಕ್ರಮವೇ ಕಫಾಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯಲ್ಲಿ ಈ ಅರಬಿ ಪದವೇ ಸೇರಿದೆ. ಮಗುವಿನ ಊರು, ಭಾಷೆ, ಮತ ಯಾವುದೇ ಇರಲಿ, ಅದು ಆ ಮಗುವಿನದು; ನಮ್ಮ ಆರೈಕೆಯ ಬೆಲೆಯಾಗಿ ಅದನ್ನು ಕಸಿಯುವ ಹಕ್ಕು ನಮಗಿಲ್ಲ.

ಇನ್ನೊಂದು ಮಾತು. ಅನಾಥರನ್ನು ಪರೀಕ್ಷಿಸುತ್ತಿರಬೇಕು, ವಿವೇಕ ಬಂದುದನ್ನು ಕಂಡಾಗ ಅವರ ಸೊತ್ತನ್ನು ಸಾಕ್ಷಿಗಳ ಮುಂದೆ ಒಪ್ಪಿಸಬೇಕು ಎನ್ನುತ್ತದೆ 4ನೇ ಅಧ್ಯಾಯ. ಬೀದಿಯ ಮಗುವಿಗೆ ಸೊತ್ತೆಲ್ಲಿದೆ? ಅದರ ಸೊತ್ತು ಓದು, ಕಸುಬು, ಗುರುತಿನ ಚೀಟಿ, ಬ್ಯಾಂಕಿನಲ್ಲೊಂದು ಖಾತೆ. ಹದಿನೆಂಟು ತುಂಬಿದವರಿಗೆ 21ರವರೆಗೆ ನೆರವು ಮುಂದುವರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಬಾಡಿಗೆ ಕೋಣೆಗೆ ಜಾಮೀನು ನಿಲ್ಲುವವರು, ಗ್ಯಾರೇಜಿನಲ್ಲಿ ಸಂಬಳ ಕೊಟ್ಟು ಕೆಲಸ ಕಲಿಸುವವರು, ಜ್ವರ ಬಂದಾಗ ವಿಚಾರಿಸುವವರು ಕಾಯ್ದೆಯಿಂದ ಹುಟ್ಟುವುದಿಲ್ಲ. ಗ್ಯಾರೇಜು, ಮರದ ಕೆಲಸ, ಹೊಲಿಗೆ, ವೆಲ್ಡಿಂಗ್ ಬಲ್ಲವರು ನಮ್ಮ ಪ್ರತಿಯೊಂದು ಜಮಾಅತ್‌ನಲ್ಲೂ ಇದ್ದಾರೆ. ಮುಂದಿನ ಜುಮಾದ ನಂತರ ಕಮಿಟಿಯವರು ಅವರನ್ನು ಒಂದೆಡೆ ಕೂರಿಸಿ, ಸಮೀಪದ ಬಾಲಮಂದಿರದಿಂದ ಈ ವರ್ಷ ಹೊರಬರುವ ಹುಡುಗರು ಎಷ್ಟು ಮಂದಿಯೆಂದು ವಿಚಾರಿಸಲಿ.