ಕಪ್ಪೆಮರಿಯ ಅನ್ನ

ಮುಂಗಾರು ಹಿಡಿದು ವಾರ ಕಳೆಯುವಷ್ಟರಲ್ಲಿ ಕಾಸರಗೋಡಿನ ಪಾರೆಗಳ ಮೇಲಿನ ಗುಂಡಿಗಳೆಲ್ಲ ತುಂಬುತ್ತವೆ. ಬಾಯಾರುಪದವಿರಲಿ, ಅನಂತಪುರದ ಸುತ್ತಲಿನ ಕೆಂಪುಕಲ್ಲಿನ ಬಯಲಿರಲಿ, ಮೇ ತಿಂಗಳಿಡೀ ಒಂದು ಹನಿ ಇಲ್ಲದ ಜಾಗದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಆ ನೀರನ್ನು ಬಿಳಿ ಬಟ್ಟಲಿಗೆ ಮೊಗೆದು ಬಿಸಿಲಿಗೆ ಹಿಡಿಯಬೇಕು. ಎಳ್ಳಿಗಿಂತ ಚಿಕ್ಕ ಜೀವಗಳು ಕುಪ್ಪಳಿಸಿ ಮೇಲೇರುತ್ತವೆ, ಇಳಿಯುತ್ತವೆ, ಮತ್ತೆ ಏರುತ್ತವೆ. ಇವು ನೀರುಚಿಗಟಗಳು. ಭೂತಗನ್ನಡಿ ಹಿಡಿದರೆ ಅವುಗಳ ಪಾರದರ್ಶಕ ಮೈಯೊಳಗೆ, ತಿಂದ ಪಾಚಿ ಹಸಿರು ಗೆರೆಯಾಗಿ ಬಾಗಿರುವುದೂ ಕಾಣುತ್ತದೆ.

ಮರಿಯಾಗಿದ್ದಾಗ ಇಂಥ ನೀರುಚಿಗಟಗಳನ್ನು ತಿನ್ನುವ ನ್ಯೂಟ್ ಎಂಬ ಬಾಲವುಳ್ಳ ಉಭಯಚರ ನಮ್ಮ ಕಡೆ ಇಲ್ಲ. ಅದರ ಬಳಗದವು ಭಾರತದಲ್ಲಿ ಇರುವುದು ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ಹೊರದೇಶಗಳಲ್ಲಿ ಅದನ್ನು ಸಾಕುವವರಿಗೆ ಮರಿಗಳ ಊಟದ್ದೇ ದೊಡ್ಡ ಚಿಂತೆ. ಕತ್ತಿನ ಪಕ್ಕ ಕಿವಿರು ಹೊತ್ತ ಆ ಮರಿಗೆ ಕಣ್ಣೆದುರು ಅಲುಗಾಡುವ ಜೀವವೇ ಬೇಕು. ಹಾಗಾಗಿ ಅವರು ಕೆರೆಗೆ ಹೋಗಿ, ತೆಳು ಬಟ್ಟೆಯ ಬಲೆಯಲ್ಲಿ ನೀರುಚಿಗಟ ಹಿಡಿದು ತರುತ್ತಾರೆ.

ನಮ್ಮಲ್ಲೂ ಇಂಥ ಬೇಟೆಗಾರ ಮರಿಗಳಿವೆ. ಗೊದಮೊಟ್ಟೆಗಳಲ್ಲಿ ಹೆಚ್ಚಿನವು ಪಾಚಿ ಕೆರೆದು ತಿನ್ನುವ ಸಾಧುಗಳು ನಿಜ. ಆದರೆ ಮೊದಲ ಮಳೆಗೆ ಹಳದಿಯಾಗಿ ಬೈಲಲ್ಲಿ ಕೂಗುವ ಗೋಂಕುರುಕಪ್ಪೆಯ ಮರಿ ಹಾಗಲ್ಲ. ಸೊಳ್ಳೆಮರಿಗಳನ್ನು ನುಂಗುತ್ತದೆ, ಜೊತೆಗಿರುವ ಬೇರೆ ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಪಶ್ಚಿಮ ಘಟ್ಟದ ತಪ್ಪಲಿನ ತೋಟಗಳಲ್ಲಿ, ಹಾವೆಂದು ತಿಳಿದು ಜನ ಹೊಡೆದು ಕೊಲ್ಲುವ ಸಿಸಿಲಿಯನ್ ಇದೆಯಲ್ಲ, ಕಾಲಿಲ್ಲದ ಆ ಉಭಯಚರಗಳಲ್ಲಿ ಇಕ್ತಿಯೋಫಿಸ್ ಎಂಬುದರ ತಾಯಿ ತೋಡಿನ ಬದಿಯ ಒದ್ದೆ ಮಣ್ಣಿನಲ್ಲಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತಾಳೆ. ಒಡೆದು ಬಂದ ಮರಿಗಳು ನೀರಿಗಿಳಿದು ಸಣ್ಣ ಜೀವಗಳನ್ನೇ ಹಿಡಿದು ಬೆಳೆಯುತ್ತವೆ. ಕೆಂಪುಕಲ್ಲಿನ ನೆಲದ ಕಪ್ಪೆಗಳನ್ನು ನಾವಿನ್ನೂ ಪೂರ್ತಿ ಗುರುತಿಸಿಯೇ ಇಲ್ಲ. ಹೆಬ್ಬೆರಳ ಉಗುರಿನಷ್ಟೇ ಇರುವ ಒಂದು ಕಪ್ಪೆಗೆ ಮೈಕ್ರೋಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟದ್ದು 2016ರಲ್ಲಿ. ಸಿಕ್ಕಿದ್ದು ಇಲ್ಲೇ ಹತ್ತಿರದ ಉಡುಪಿ ಜಿಲ್ಲೆಯ ಮಣಿಪಾಲದ ಸುತ್ತಮುತ್ತ.

ಈ ಮರಿಗಳಿಗೆಲ್ಲ ಊಟ ಎಲ್ಲಿಂದ ಬರುತ್ತದೆ? ಗುಂಡಿಯ ಒಣ ಮಣ್ಣಿನಿಂದಲೇ. ನೀರು ಇಂಗುವ ಮುನ್ನ ನೀರುಚಿಗಟ ಗಟ್ಟಿ ಕವಚದ ಮೊಟ್ಟೆ ಇಡುತ್ತದೆ. ನೆಲ ಬಿರುಕುಬಿಟ್ಟರೂ ಆ ಮೊಟ್ಟೆ ಸಾಯುವುದಿಲ್ಲ. ಮಳೆ ಬಿದ್ದೊಡನೆ ಒಡೆಯುತ್ತದೆ. ಹುಟ್ಟಿದ ಹೆಣ್ಣುಗಳು ಗಂಡಿನ ನೆರವಿಲ್ಲದೆಯೇ ಮರಿ ಹಾಕುತ್ತಾ ಹೋಗುವುದರಿಂದ ಕೆಲವೇ ದಿನಗಳಲ್ಲಿ ಗುಂಡಿ ತುಂಬಾ ಅವೇ. ಕಪ್ಪೆಗಳು ಮೊಟ್ಟೆಯಿಡುವುದೂ ಅದೇ ಹೊತ್ತಿಗೆ. ಬೇಸಿಗೆಯಲ್ಲಿ ಬತ್ತುವ ನೀರಿನಲ್ಲಿ ಮೀನು ನಿಲ್ಲದು; ಕಪ್ಪೆಗೆ ಬೇಕಾದ್ದೂ ಅದೇ. ಬತ್ತುವ ಗುಂಡಿ ಕೆಲಸಕ್ಕೆ ಬಾರದ್ದು ಎನ್ನುವವರು ಈ ಲೆಕ್ಕವನ್ನು ನೋಡಿಲ್ಲ.

ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗಂಬೂಸಿಯಾ ಮೀನನ್ನು ಸಿಕ್ಕಸಿಕ್ಕ ನೀರಿಗೆ ಬಿಡುವ ಅಭ್ಯಾಸ ಇನ್ನೂ ಇದೆ. ಸೊಳ್ಳೆಮರಿಯ ಜೊತೆಗೆ ನೀರುಚಿಗಟವನ್ನೂ ಕಪ್ಪೆಯ ಮೊಟ್ಟೆ-ಮರಿಗಳನ್ನೂ ಅದು ತಿನ್ನುತ್ತದೆ. ಇನ್ನು ವಿಷದ ಮಾತನ್ನು ಈ ಜಿಲ್ಲೆಗೆ ಹೊಸದಾಗಿ ಹೇಳಬೇಕಿಲ್ಲ. ಎಣ್ಮಕಜೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್, ಮೀನುಗಳನ್ನೂ ಗೊದಮೊಟ್ಟೆಗಳನ್ನೂ ತೀರಾ ಸಣ್ಣ ಪ್ರಮಾಣದಲ್ಲೇ ಕೊಲ್ಲುವ ವಿಷ. ಮನುಷ್ಯರ ಸಂಕಟ ಕೊನೆಗಾದರೂ ಸುದ್ದಿಯಾಯಿತು. ತೋಡಿನ ಜೀವಗಳ ಲೆಕ್ಕ ಇಟ್ಟವರು ಯಾರು?

ಮಕ್ಕಳಿಗೆ ಇದನ್ನೆಲ್ಲ ತೋರಿಸಬೇಕು. ಅದಕ್ಕಾಗಿ ಮರಿಗಳನ್ನು ಮನೆಗೆ ತಂದು ಬಾಟಲಿಯಲ್ಲಿ ಸಾಕುವುದು ಬೇಡ. ಗೋಂಕುರುಕಪ್ಪೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಲ್ಲದೆ, ನಲ್ಲಿಯ ಕ್ಲೋರಿನ್ ನೀರಲ್ಲಿ ಅನ್ನದ ಅಗುಳು ಹಾಕಿ ಯಾವ ಮರಿಯನ್ನೂ ಬೆಳೆಸಲಾಗದು. ಈ ಮಳೆಗಾಲದಲ್ಲಿ ಒಂದು ಬಿಳಿ ಬಟ್ಟಲು, ಒಂದು ಭೂತಗನ್ನಡಿ ಹಿಡಿದು ಮಕ್ಕಳನ್ನು ಹತ್ತಿರದ ಪಾರೆಗೋ ಮದಕಕ್ಕೋ ಕರೆದೊಯ್ಯಿರಿ. ನೋಡಿದ ಮೇಲೆ ಆ ನೀರನ್ನು ಅದೇ ಗುಂಡಿಗೆ ಸುರಿಯಿರಿ, ಬೇರೆ ಗುಂಡಿಗೆ ಬೇಡ. ಕಲ್ಲುಕೋರೆಯ ಮಣ್ಣು ತಂದು ಅದನ್ನು ಮುಚ್ಚಲು ಯಾರಾದರೂ ಬಂದರೆ, ಇಲ್ಲಿ ಏನಿದೆ ಎಂಬುದನ್ನು ಆ ಮಕ್ಕಳ ಬಾಯಿಂದಲೇ ಪಂಚಾಯತಿಗೆ ಹೇಳಿಸಿ.