ಗೂಟ ನೆಡುವವನ ಧರ್ಮಸಂಕಟ

ಹುಲ್ಲು, ಕೆಸರು, ಅಡ್ಡಿಗಳ ನಡುವೆ ಸೈಕಲ್ ಓಡಿಸುವ ಸೈಕ್ಲೋಕ್ರಾಸ್ ಪಂದ್ಯಕ್ಕೆ ಹಾದಿ ಹಾಕಿಕೊಟ್ಟವರು ಸಂಜೆಯೊಳಗೆ ಎರಡು ದೂರು ಕೇಳಲೇಬೇಕು. ಗೆದ್ದವನಿಗೆ ಅನುಕೂಲವಾಗುವ ಹಾಗೆ ತಿರುವು ಇಟ್ಟಿದ್ದೀರಿ ಎಂಬುದು ಒಂದು. ಆ ಏರು, ಆ ಕೆಸರು, ಸಾಲದ್ದಕ್ಕೆ ಹಾದಿಗೆ ಅಡ್ಡಲಾಗಿ ಎರಡು ಹಲಗೆ ಬೇರೆ, ನಿಮಗೆ ಕರುಣೆಯೇ ಇಲ್ಲವೇ ಎಂಬುದು ಇನ್ನೊಂದು. ದೂರು ಹೊಸದಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜಗತ್ತನ್ನು ಸೃಷ್ಟಿಸಿದವನ ಮೇಲೇ ಈ ಎರಡೂ ಆರೋಪಗಳು ಬಂದಿವೆ: ವೈಷಮ್ಯ, ನೈರ್ಘೃಣ್ಯ. ಒಬ್ಬನನ್ನು ಸುಖದಲ್ಲಿಟ್ಟು ಮತ್ತೊಬ್ಬನನ್ನು ನರಳಿಸುವವನು ಪಕ್ಷಪಾತಿಯೂ ನಿರ್ದಯಿಯೂ ಆಗಲಿಲ್ಲವೇ?

ಶಂಕರರು ಇದಕ್ಕೆ ಉತ್ತರ ಹೇಳುವಾಗ ಮಳೆಯನ್ನು ತೋರಿಸುತ್ತಾರೆ. ಮಳೆ ಎಲ್ಲದಕ್ಕೂ ಒಂದೇ ಸಮ. ಒಂದು ಕಡೆ ಭತ್ತ, ಇನ್ನೊಂದು ಕಡೆ ಜವೆ ಬೆಳೆದರೆ ಆ ಭೇದ ಬೀಜದ್ದು. ಈಶ್ವರನೂ ಹಾಗೆಯೇ, ಏರುಪೇರು ಜೀವಿಗಳ ಕರ್ಮದ್ದು. ಹಾದಿ ಹಾಕುವವರ ಬಾಯಲ್ಲೂ ಇದೇ ಸಮಾಧಾನ: ಟೇಪು ಎಲ್ಲರಿಗೂ ಒಂದೇ ಕಟ್ಟಿದ್ದೇವೆ, ಕಾಲು ನಿಮ್ಮವು. ಆದರೆ ಅವರನ್ನು ಇಷ್ಟು ಸುಲಭವಾಗಿ ಬಿಟ್ಟುಬಿಡುವುದು ಸರಿಯಲ್ಲ. ಎಲ್ಲಿ ಸುರಿಯಬೇಕೆಂದು ಮಳೆ ಯೋಚಿಸುವುದಿಲ್ಲ. ಗೂಟ ನೆಡುವವರು ಎರಡು ವಾರ ಯೋಚಿಸಿಯೇ ನೆಟ್ಟಿರುತ್ತಾರೆ.

ಮೊದಲು ಈ ಕಷ್ಟವನ್ನು ಯಾರೂ ತಯಾರಿಸಬೇಕಾಗಿರಲಿಲ್ಲ. ಡಾನಿಯಲ್ ಗುಸ್ಸೊ ಎಂಬ ಫ್ರೆಂಚ್ ಸೈನಿಕ 1902ರಲ್ಲಿ ಫ್ರಾನ್ಸಿನ ಮೊದಲ ರಾಷ್ಟ್ರೀಯ ಪಂದ್ಯ ನಡೆಸಿದಾಗ ಹಳ್ಳ, ಬೇಲಿ, ಉತ್ತ ಹೊಲ ಎಲ್ಲ ಇದ್ದಲ್ಲೇ ಇದ್ದವು. 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಮೂರು ವರ್ಷ ಮೊದಲು ಟೂರ್ ದ ಫ್ರಾನ್ಸ್ ಗೆದ್ದಿದ್ದ ಝಾಂ ರೋಬಿಕ್ ಅದನ್ನೂ ಗೆದ್ದ. ಇಂದು ಇದು ಊರ ಪಾರ್ಕಿನಲ್ಲಿ ಗೂಟ ನೆಟ್ಟು, ಟೇಪು ಕಟ್ಟಿ ಮಾಡಿದ ಸುತ್ತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಸುತ್ತಿನ ಉದ್ದ 2.5ರಿಂದ 3.5 ಕಿಲೋಮೀಟರ್, ಅಗಲ ಎಲ್ಲೆಡೆ ಕನಿಷ್ಠ 3 ಮೀಟರ್, ಹಲಗೆಯ ಎತ್ತರ 40 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ದಯೆಗೂ ಅಳತೆಪಟ್ಟಿ ಇದೆ ಎನ್ನಬಹುದು. ಆ ಅಳತೆಯೊಳಗೆ ಎಷ್ಟು ಸತಾಯಿಸಬಹುದು ಎಂಬುದನ್ನು ನಿಯಮಪುಸ್ತಕ ಹೇಳುವುದಿಲ್ಲ.

ಒಂದು ಓರೆ ನೆಲವನ್ನೇ ತೆಗೆದುಕೊಳ್ಳಿ. ಹುಲ್ಲುಗುಡ್ಡದ ಪಕ್ಕೆಗೆ ಅಡ್ಡಲಾಗಿ ಹಾದಿ ಹೋಗುತ್ತದೆ. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಇಳಿಜಾರು. ದೊಡ್ಡ ಪಂದ್ಯಗಳಲ್ಲಿ ಟಯರು 33 ಮಿಲಿಮೀಟರಿಗಿಂತ ಅಗಲವಿರುವಂತಿಲ್ಲ, ಹಸಿ ಹುಲ್ಲಿನ ಮೇಲೆ ಅದು ಕೆಳಕ್ಕೆ ಜಾರುತ್ತಲೇ ಇರುತ್ತದೆ. ಕೆಳಗಿನ ಗೂಟದ ಸಾಲನ್ನು ಮೂರೇ ಮೀಟರಿಗೆ ನೆಟ್ಟರೆ ಇರುವುದೊಂದೇ ದಾರಿ: ಜಾರಿದವನ ಹ್ಯಾಂಡಲ್ ಟೇಪಿಗೆ ಸಿಕ್ಕಿ ಅವನು ಬೀಳುತ್ತಾನೆ, ಹಿಂದಿನಿಂದ ಬಂದವರು ಅವನ ಮೇಲೆ ಬೀಳುತ್ತಾರೆ. ಅದೇ ಸಾಲನ್ನು ಇನ್ನೆರಡು ಮೀಟರ್ ಕೆಳಗಿಳಿಸಿ ನೋಡಿ. ಶುರುವಿನಲ್ಲೇ ಉಸಿರು ಕಳೆದು ಮೇಲಂಚು ಹಿಡಿಯಬಹುದು, ಆಮೇಲೆ ಜಾರಿಕೆಯೇ ತಿರುವಿನ ತನಕ ತಂದುಬಿಡುತ್ತದೆ. ಕೆಳಗಿನ ಗಟ್ಟಿ ನೆಲದಲ್ಲಿ ಸುಖವಾಗಿ ಸಾಗಿ ಕೊನೆಗೆ ಒದ್ದಾಡಿ ಹತ್ತಬಹುದು. ಅಥವಾ ಮೊದಲೇ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬಹುದು. ಗುಡ್ಡ ಅದೇ, ಜಾರಿಕೆಯೂ ಅದೇ; ಆದರೆ ಬಿದ್ದವನಿಗೆ ಮುಂದಿನ ಸುತ್ತಿನಲ್ಲಿ ಬೇರೊಂದು ಪ್ರಯತ್ನಕ್ಕೆ ಎಡೆ ಸಿಕ್ಕಿತು. ನಿರ್ದಯತೆಯ ಆರೋಪಕ್ಕೆ ಕೊಡಬಹುದಾದ ಉತ್ತರ ಈ ಎರಡು ಮೀಟರಿನಲ್ಲೇ ಇದೆ.

ಒಳ್ಳೆಯ ಅಡ್ಡಿಗೆ ಅದನ್ನು ಇಟ್ಟವರಿಗೇ ಹೊಳೆಯದ ಉತ್ತರವೂ ಇರುತ್ತದೆ. ಹಲಗೆ ಎಂದರೆ ಇಳಿದು, ಸೈಕಲ್ ಎತ್ತಿಕೊಂಡು ದಾಟುವ ಜಾಗ ಎಂದೇ ಎಲ್ಲರೂ ತಿಳಿದಿದ್ದರು. 1989ರಲ್ಲಿ ಫ್ರಾನ್ಸಿನ ಪೋಂಶಾತೋದಲ್ಲಿ ಬೆಲ್ಜಿಯಮ್ಮಿನ ಡ್ಯಾನಿ ಡಿ ಬೀ ಸೀಟಿನಿಂದ ಕೆಳಗಿಳಿಯದೆ ಸೈಕಲ್ಲನ್ನೇ ಹಾರಿಸಿಕೊಂಡು ಹಲಗೆ ದಾಟಿ ವಿಶ್ವ ಚಾಂಪಿಯನ್ ಆದ.

ಪಕ್ಷಪಾತದ ವಿಚಾರದಲ್ಲಿ ಆದ್ರಿ ವಾನ್ ಡರ್ ಪೂಲ್ ಅವರಷ್ಟು ಇಕ್ಕಟ್ಟಿಗೆ ಸಿಕ್ಕವರು ಕಡಿಮೆ. ನೆದರ್‌ಲೆಂಡ್ಸಿನ ಆದ್ರಿ 1996ರ ವಿಶ್ವ ಚಾಂಪಿಯನ್. ಈಗ ಹಾದಿ ಹಾಕುವುದರಲ್ಲಿ ಅವರದು ದೊಡ್ಡ ಹೆಸರು. ಮಗ ಮ್ಯಾಥ್ಯೂ ಆ ಹಾದಿಗಳಲ್ಲೇ ಸ್ಪರ್ಧಿಸುವವನು. 2018ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ವಾಲ್ಕೆನ್‌ಬರ್ಗ್‌ನಲ್ಲಿ ಅಪ್ಪ ಹಾಕಿದ ಹಾದಿಯಲ್ಲಿ ಎದುರಾಳಿ ವೌಟ್ ವಾನ್ ಆರ್ಟ್ ಗೆದ್ದ, ಮಗ ಮೂರನೆಯವನಾದ. 2023ರಲ್ಲಿ ಹೂಗರ್‌ಹೈಡ್‌ನಲ್ಲಿ ಮತ್ತೆ ಅಪ್ಪನ ಹಾದಿ; ಅಂದು ಕೊನೆಯ ಗಳಿಗೆಯ ದೌಡಿನಲ್ಲಿ ಮಗ ವಾನ್ ಆರ್ಟ್‌ನನ್ನು ಹಿಂದೆ ಹಾಕಿದ. ಶಂಕರರ ಬೀಜದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎಂದು ಕೇಳಬಹುದು. ಊರ ಪಂದ್ಯದಲ್ಲಿ ಮಾತ್ರ ಅದು ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಓಡಲು ಬಲ್ಲವನು ಉದ್ದದ ಮೆಟ್ಟಿಲು ಹಾಕುತ್ತಾನೆ, ತಿರುವಿನಲ್ಲಿ ಚುರುಕಾದವನು ತಿರುವುಗಳನ್ನೇ ಪೋಣಿಸುತ್ತಾನೆ. ತನ್ನ ಕಾಲಿಗೆ ಒಗ್ಗುವುದೇ ನ್ಯಾಯ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಹಿಂದಿನ ಸಾಲಿನಲ್ಲಿ ಹೊರಟವರ ಪಾಡಂತೂ ಬೇರೆ. ಅವರು ಮೊದಲ ತಿರುವು ತಲುಪುವಷ್ಟರಲ್ಲಿ ಮುಂದಿನವರು ಅದನ್ನು ಉತ್ತು ಹೋಗಿರುತ್ತಾರೆ. ಹೊರಡುವ ಜಾಗದಲ್ಲಿ ಉದ್ದನೆಯ, ಅಗಲವಾದ ನೇರ ಹಾದಿ ಬೇಕು ಎಂಬ ನಿಯಮ ಇರುವುದು ಇದಕ್ಕೇ.

ಕಷ್ಟವನ್ನು ಸಮರ್ಥಿಸುವ ಮತ್ತೊಂದು ವಾದ ಕ್ರೈಸ್ತ ಚಿಂತಕ ಜಾನ್ ಹಿಕ್ ಅವರದು. 1966ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಈ ಲೋಕವನ್ನು ಆತ್ಮ ಪಕ್ವವಾಗುವ ಕಾರ್ಯಾಗಾರವೆಂದು ಕಂಡರು. ಅಡ್ಡಿಯಿಲ್ಲದ ಲೋಕದಲ್ಲಿ ಧೈರ್ಯವೂ ಇಲ್ಲ, ಸಹಾನುಭೂತಿಯೂ ಇಲ್ಲ. ಕ್ರೀಡಾಪ್ರಿಯರಿಗೆ ಈ ವಾದ ಬಹಳ ರುಚಿಸುತ್ತದೆ. ಆದರೆ ಕೆಸರಿನ ಮೈದಾನದಿಂದ ಹೊರಟು ಲೋಕದ ದುಃಖವನ್ನೆಲ್ಲ ಹೀಗೆ ಒಪ್ಪವಾಗಿಸುವುದು ಅವಸರದ ಕೆಲಸ. ಸವಾರ ತಾನೇ ಹೆಸರು ಕೊಟ್ಟು, ಬೆನ್ನಿಗೆ ಸಂಖ್ಯೆ ಅಂಟಿಸಿಕೊಂಡು ಬಂದವನು. ಸಾಕೆನಿಸಿದರೆ ಟೇಪಿನಡಿ ನುಸುಳಿ ಮನೆಗೆ ಹೋಗಬಹುದು. ಹಸಿವಿನಲ್ಲಿ ಹುಟ್ಟಿದ ಕೂಸು ಯಾವ ಅರ್ಜಿಗೂ ಸಹಿ ಹಾಕಿರಲಿಲ್ಲ. ಆಟವೆಂದರೆ ಬೇಕಿಲ್ಲದ ಅಡ್ಡಿಗಳನ್ನು ತಾವಾಗಿ ಒಪ್ಪಿಕೊಂಡು ಗೆಲ್ಲಲು ಹೊರಡುವುದು ಎಂದು 1978ರಲ್ಲಿ ವಿವರಿಸಿದ ಬರ್ನಾರ್ಡ್ ಸೂಟ್ಸ್ ಈ ವ್ಯತ್ಯಾಸವನ್ನು ಬಲವಾಗಿ ಹಿಡಿದಿದ್ದರು. ಒಪ್ಪಿಗೆ ಇದ್ದಲ್ಲಿ ಮಾತ್ರ ಗೂಟ ನೆಡುವವರು ದೋಷಮುಕ್ತರು.

ಹಾಗಾದರೆ ಹುಲ್ಲಿನ ಒಪ್ಪಿಗೆ ಪಡೆದವರು ಯಾರು? 2015ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಟೆಕ್ಸಸ್ಸಿನ ಆಸ್ಟಿನ್ ನಗರದ ಜಿಲ್ಕರ್ ಪಾರ್ಕಿನಲ್ಲಿತ್ತು. ಮಳೆ ಬಿದ್ದು ನೆಲ ಕಲಸಿಹೋಯಿತು. ಹಳೆಯ ಮರಗಳ ಬೇರಿಗೆ ಪೆಟ್ಟಾಗುತ್ತದೆಂಬ ಆತಂಕದಿಂದ ಭಾನುವಾರದ ಓಟಗಳನ್ನು ನಿಲ್ಲಿಸಿ, ಸೋಮವಾರಕ್ಕೆ ಮುಂದೂಡಿದರು. ದೂರದೂರದಿಂದ ಬಂದ ಸವಾರರಿಗೆ ಸಿಟ್ಟು ಬಂದದ್ದು ಸಹಜ. ಕೆಸರೇ ಈ ಆಟದ ಜೀವ. ಮರದ ಪರ ನಿಂತವರ ಮಾತೂ ಅಷ್ಟೇ ಸಹಜವಾಗಿತ್ತು. ಸವಾರನ ಮೈಯ ಕೆಸರು ಸಂಜೆಗೆ ತೊಳೆದುಹೋಗುತ್ತದೆ, ನೂರಾರು ಚಕ್ರಗಳಡಿ ಅದುಮಿಹೋದ ಮಣ್ಣಿನಲ್ಲಿ ಬೇರಿಗೆ ಗಾಳಿ ನೀರು ಸೇರುವುದು ಕಷ್ಟ. ಹಾಗಾಗಿ ಊರ ಪಂದ್ಯಕ್ಕೆ ಹಾದಿ ಹಾಕುವ ಜಾಣರು ಮೊದಲು ಮರದ ಬುಡ ಬಿಟ್ಟು, ನೀರು ನಿಲ್ಲುವ ತಗ್ಗು ಬಿಟ್ಟು, ಉಳಿದ ನೆಲದಲ್ಲಿ ಕಷ್ಟ ಹುಡುಕುತ್ತಾರೆ. ಆಟ ಮುಗಿದ ಮೇಲೆ ಗೂಟ ಕಿತ್ತು, ಗುಂಡಿ ಮುಚ್ಚಿ, ಹುಲ್ಲಿನ ಬೀಜ ಎರಚುವ ಲೆಕ್ಕವನ್ನೂ ಪ್ರವೇಶ ಶುಲ್ಕದಲ್ಲೇ ಸೇರಿಸಿರುತ್ತಾರೆ. ಅಷ್ಟಾದರೂ ಪಂದ್ಯದ ಹಿಂದಿನ ರಾತ್ರಿ ಜೋರು ಮಳೆ ಬಂದರೆ ನಡೆಸುವುದೋ ಬಿಡುವುದೋ ಎಂಬ ಜಗಳ ತಪ್ಪಿದ್ದಲ್ಲ. ಆ ಜಗಳದಲ್ಲಿ ಹುಲ್ಲಿನ ಪರ ಮಾತಾಡುವವರು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಇರುತ್ತಾರೆ.