ಕೆಸರಿನ ಪಾಲು

ಪ್ರತಿಮೆಗೆ ಕಂಚೂ ಬೇಕು, ಆಕಾರವೂ ಬೇಕು ಎಂದ ಅರಿಸ್ಟಾಟಲ್. ಆದರೆ ಎರಡರ ಪೈಕಿ ಆಕಾರಕ್ಕೇ ಮೊದಲ ಮಣೆ. ಕಂಚು ಸುಮ್ಮನೆ ಬಿದ್ದಿರುತ್ತದೆ. ಬುದ್ಧಿ ಬಂದು ಅದನ್ನು ಏನಾದರೊಂದು ಮಾಡಬೇಕು. ಕಲೆಯ ಬಗೆಗಿನ ನಮ್ಮ ಮಾತುಗಳಲ್ಲಿ ಈ ಮೇಲು-ಕೀಳು ಇಂದಿಗೂ ಉಳಿದಿದೆ.

ಇದನ್ನು ಅಲುಗಾಡಿಸಿದವರಲ್ಲಿ ಜಪಾನಿನ ಗುಟಾಯ್ ಕಲಾವಿದರ ಬಳಗವೂ ಒಂದು. 1954ರಲ್ಲಿ ಆಶಿಯಾ ಊರಿನಲ್ಲಿ ಅದನ್ನು ಕಟ್ಟಿದವರು ಜಿರೊ ಯೊಶಿಹಾರಾ. ಅಡುಗೆ ಎಣ್ಣೆಯ ಉದ್ಯಮ ನಡೆಸುತ್ತಿದ್ದ ಚಿತ್ರಕಾರ. ಯಾರನ್ನೂ ಅನುಕರಿಸಬೇಡಿ ಎಂಬುದು ಕಿರಿಯರಿಗೆ ಅವರ ಕಟ್ಟಪ್ಪಣೆ. 1956ರ ಪ್ರಣಾಳಿಕೆಯಲ್ಲಿ ಅವರು ಹಳೆಯ ಕಲೆಯನ್ನು ವಂಚನೆ ಎಂದೇ ಕರೆದರು. ಬಣ್ಣ, ಬಟ್ಟೆ, ಲೋಹ, ಮಣ್ಣುಗಳಿಗೆ ಬೇರೆ ಯಾವುದರದೋ ವೇಷ ಹಾಕಿಸಿ ಅವುಗಳ ಬಾಯಿ ಕಟ್ಟಿದೆ ಎಂಬುದು ಆರೋಪ. ಮನಸ್ಸು ವಸ್ತುವನ್ನು ಆಳಬಾರದು, ಎರಡೂ ಎದುರುಬದುರು ನಿಂತು ಕೈಕುಲುಕಬೇಕು ಎಂದರು.

ಕೇಳಲು ಅಲಂಕಾರದ ಮಾತು. ಬಳಗದ ಕಲಾವಿದ ಕಝುವೊ ಶಿರಾಗಾ ಅದನ್ನು ಪ್ರಣಾಳಿಕೆಗೂ ಮುಂಚೆಯೇ ಮೈಮೇಲೆ ಹಾಕಿಕೊಂಡಿದ್ದರು. 1955ರ ಅಕ್ಟೋಬರಿನಲ್ಲಿ, ಟೋಕಿಯೋದಲ್ಲಿ ನಡೆದ ಬಳಗದ ಪ್ರದರ್ಶನದಲ್ಲಿ, ಬರೀ ಚಡ್ಡಿಯಲ್ಲಿ ಕೆಸರಿನ ರಾಶಿಗೆ ಧುಮುಕಿ ಹೊರಳಾಡಿದರು, ಗುದ್ದಿದರು, ಹಿಸುಕಿದರು. ಎದ್ದಾಗ ಮೈಮೇಲೆ ತರಚು ಗಾಯಗಳು. ನನಗೆ ಈ ಗಾಯಗಳೇ ಮುಖ್ಯ. ಅರಿಸ್ಟಾಟಲನ ಕಂಚು ಶಿಲ್ಪಿಗೆ ಎದುರಾಡುವುದಿಲ್ಲ. ಇಲ್ಲಿ ಕೆಸರು ತಿರುಗಿ ಹೊಡೆದಿತ್ತು. ಕೊನೆಗುಳಿದ ಆಕಾರದಲ್ಲಿ ಶಿರಾಗಾ ಅವರ ಮೈತೂಕ ಎಷ್ಟು, ಕೆಸರಿನ ಹಟ ಎಷ್ಟು ಎಂದು ಬೇರ್ಪಡಿಸಲು ಬಾರದು.

ಆತ್ಮಬಲವೊಂದಿದ್ದರೆ ಶಸ್ತ್ರ, ಅನ್ನಗಳ ಕೊರತೆಯನ್ನೂ ಗೆಲ್ಲಬಹುದೆಂದು ಬೋಧಿಸಿದ್ದ ಯುದ್ಧ ಮುಗಿದು ಆಗಿನ್ನೂ ಹತ್ತೇ ವರ್ಷ. ಅಂಥ ನಾಡಿನಲ್ಲಿ ಜಡವಸ್ತುವಿಗೆ ಸಮಾನ ಗೌರವ ಕೇಳುವುದರಲ್ಲಿ ರಾಜಕೀಯವೂ ಇತ್ತು ಎಂದು ನಾನು ಓದಿಕೊಳ್ಳುತ್ತೇನೆ.

ಕ್ಯೋಟೋದಲ್ಲಿ ಸಾಂಪ್ರದಾಯಿಕ ಜಪಾನಿ ಚಿತ್ರಕಲೆ ಕಲಿತ ಕೈ ಶಿರಾಗಾ ಅವರದು. ಪಳಗಿದ ಕೈ ವಸ್ತುವಿನ ಮಾತು ಕೇಳಿಸಿಕೊಳ್ಳದು. ಹಾಗಾಗಿ ಅವರು ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ತೂಗಾಡುತ್ತ, ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಮೇಲೆ ಬಣ್ಣದ ಮುದ್ದೆಯನ್ನು ಪಾದಗಳಿಂದ ಎಳೆದರು. ಕಾಲು ಜಾರಿದ್ದೂ ಚಿತ್ರಕ್ಕೆ ಸೇರಿತು. ಆದರೆ ತೊಡಕಿರುವುದೂ ಇಲ್ಲೇ. ವರ್ಷಗಟ್ಟಲೆ ತುಳಿದರೆ ಕಾಲೂ ಪಳಗುತ್ತದೆ, ಬಣ್ಣ ಮತ್ತೆ ಹೇಳಿದಂತೆ ಕೇಳತೊಡಗುತ್ತದೆ. ಪ್ರಣಾಳಿಕೆಯಲ್ಲಿ ಇದಕ್ಕೆ ಉತ್ತರ ನನಗೆ ಕಾಣದು. ಶಿರಾಗಾ ಮುಂದೆ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡೂ ಬಣ್ಣಕ್ಕಿಳಿದರು.